ಅಡಿಕೆ ದ್ವೀಪದಲ್ಲಿ ಇಬ್ಬರ ನಡಿಗೆ

ಮಲಯ ಭಾಷೆಯಲ್ಲಿ ಅಡಿಕೆಗೆ ಪಿನಾಂಗ್ ಎನ್ನುತ್ತಾರೆ. ಪುಲಾವ್ ಪಿನಾಂಗ್ ಎಂದರೆ ಅಡಿಕೆ ದ್ವೀಪ. ಇಂಗ್ಲಿಷರ ಬಾಯಲ್ಲಿ ಅದು ಪೆನಾಂಗ್ ಆಯಿತು. ಮಲೇಷ್ಯಾದ ಈ ಪುಟ್ಟ ರಾಜ್ಯದ ಬಾವುಟದ ನಡುವೆ ಇವತ್ತಿಗೂ ಒಂದು ಅಡಿಕೆ ಮರ ನಿಂತಿದೆ. ಗಂಡಿನ ಕಡೆಯವರು ಹೆಣ್ಣು ಕೇಳಲು ಹೋಗುವುದಕ್ಕೆ ಮಲಯರು ‘ಮೆಮಿನಾಂಗ್’ ಎನ್ನುತ್ತಾರೆ. ಆ ಮಾತು ಹುಟ್ಟಿದ್ದೂ ಅಡಿಕೆಯಿಂದಲೇ. ಎಲೆ ಅಡಿಕೆ ಕೈ ಬದಲಾಗದೆ ಮದುವೆ ಮಾತು ಮುಗಿಯದ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾವು ಶಿರಸಿ ಕಡೆಯ ತೋಟದ ಮನೆಯವರು. ಮಕ್ಕಳು ಅವರವರ ಊರಲ್ಲಿ ನೆಲೆ ನಿಂತಾಗಿದೆ. ಕೊನೆಕೊಯ್ಲು ಮುಗಿದು, ಅಡಿಕೆ ಒಣಗಿ ಚೀಲ ಸೇರಿದ ಮೇಲೆ, ಒಂದು ಫೆಬ್ರುವರಿಯಲ್ಲಿ ಗಂಡ ಹೆಂಡತಿ ಇಬ್ಬರೇ ಪೆನಾಂಗ್‌ನ ರಾಜಧಾನಿ ಜಾರ್ಜ್‌ಟೌನ್‌ಗೆ ಹೋಗಿ ನಾಲ್ಕು ರಾತ್ರಿ ಇದ್ದು ಬಂದೆವು. ಅದಕ್ಕೂ ಮೊದಲು ಒಮ್ಮೆ ಪ್ರವಾಸಿ ತಂಡದ ಜೊತೆ ಎಂಟು ದಿನದಲ್ಲಿ ಮೂರು ದೇಶ ಸುತ್ತಿದ್ದೆವು. ಬಸ್ಸಿನ ಕಿಟಕಿ, ‘ಹತ್ತು ನಿಮಿಷದಲ್ಲಿ ಎಲ್ಲರೂ ವಾಪಸ್ ಬನ್ನಿ’ ಎಂಬ ಕೂಗು, ಇವೆರಡು ಬಿಟ್ಟರೆ ಅದರಲ್ಲಿ ನೆನಪಿಗೆ ಬರುವಂಥದ್ದು ಕಡಿಮೆ. ಇಬ್ಬರೂ ಒಬ್ಬರ ಪಕ್ಕ ಒಬ್ಬರು ಕೂತಿದ್ದೆವು, ಆದರೆ ಮಾತಾಡಿಕೊಂಡದ್ದು ಸೂಟ್‌ಕೇಸ್ ವಿಷಯ ಮಾತ್ರ. ಈ ಸಲ ಒಂದೇ ಊರು, ಒಂದೇ ವಸತಿ, ಕಾಲಿಗೆ ದಕ್ಕಿದಷ್ಟು ದಾರಿ ಎಂದು ಹೊರಡುವ ಮೊದಲೇ ತೀರ್ಮಾನಿಸಿದ್ದೆವು. ಹಾಗೆ ಹೋಗಬೇಕೆಂದಿರುವ ಜೋಡಿಗಳಿಗಾಗಿ ಈ ಬರಹ.

ಜಾರ್ಜ್‌ಟೌನ್ ಇದಕ್ಕೆ ಹೇಳಿ ಮಾಡಿಸಿದ ಊರು. 1786ರ ಆಗಸ್ಟ್ 11ರಂದು ಫ್ರಾನ್ಸಿಸ್ ಲೈಟ್ ಎಂಬ ಇಂಗ್ಲಿಷ್ ವ್ಯಾಪಾರಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ದ್ವೀಪವನ್ನು ವಶಕ್ಕೆ ತೆಗೆದುಕೊಂಡು ಕಟ್ಟಿಸಿದ ಬಂದರು ಇದು. ಚೀನಿಯರು, ತಮಿಳರು, ಮಲಯರು, ಸುಮಾತ್ರಾದ ‘ಆಚೆ’ ಪ್ರಾಂತದವರು, ಅರ್ಮೇನಿಯನ್ನರು ಬಂದು ಒಂದೊಂದು ಬೀದಿ ಹಿಡಿದರು. ಆ ಬೀದಿಗಳು ಹೆಚ್ಚು ಕಡಿಮೆ ಹಾಗೇ ಉಳಿದಿವೆ. 2008ರಲ್ಲಿ ಯುನೆಸ್ಕೊ ಮಲಾಕಾ ಪಟ್ಟಣದ ಜೊತೆ ಇದನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳೇ ಊರಿನ ತಿರುಳು ಅನ್ನಬಹುದಾದ ಭಾಗ ಸುಮಾರು 109 ಹೆಕ್ಟೇರ್. ಎಕರೆ ಲೆಕ್ಕದಲ್ಲಿ 270. ನಾಲ್ಕು ದಿನ ಅಷ್ಟರೊಳಗೇ ಸುತ್ತಿದರೂ ನಮಗೆ ಮುಗಿಯಲಿಲ್ಲ.

ಹೋಗುವ ಮುನ್ನ

ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ನೇರ ವಿಮಾನಗಳಿವೆ, ಸುಮಾರು ನಾಲ್ಕು ಗಂಟೆಯ ಹಾರಾಟ. ಅಲ್ಲಿಂದ ಪೆನಾಂಗ್‌ಗೆ ಇನ್ನೊಂದು ಗಂಟೆ. ಆತುರವಿಲ್ಲದವರು ಕ್ವಾಲಾಲಂಪುರದಿಂದ ರೈಲು ಹಿಡಿಯಬಹುದು. ನಾಲ್ಕು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಬಟರ್‌ವರ್ತ್ ತಲುಪಿಸುತ್ತದೆ, ಅಲ್ಲಿಂದ ಹಡಗಿನಲ್ಲಿ ಕಾಲು ಗಂಟೆ ಸಮುದ್ರ ದಾಟಿದರೆ ಊರಿನ ಬಾಗಿಲಿಗೇ ಇಳಿಯುತ್ತೀರಿ. ನಾವು ಹೋಗುವಾಗ ವಿಮಾನ, ಬರುವಾಗ ರೈಲು ಎಂದು ಮಾಡಿಕೊಂಡೆವು. ಎರಡನೆಯದೇ ಚೆಂದ.

2023ರ ಡಿಸೆಂಬರ್ 1ರಿಂದ ಭಾರತೀಯರು 30 ದಿನದವರೆಗೆ ವೀಸಾ ಇಲ್ಲದೆ ಮಲೇಷ್ಯಾಕ್ಕೆ ಹೋಗಬಹುದು. ಆದರೆ ಈ ರಿಯಾಯಿತಿಗೆ ಅವಧಿ ಗೊತ್ತು ಮಾಡಿ, ಮತ್ತೆ ಮುಂದುವರಿಸುತ್ತ ಬಂದಿದ್ದಾರೆ. ಹಾಗಾಗಿ ಟಿಕೆಟ್ ಕೊಳ್ಳುವ ದಿನ ಒಮ್ಮೆ ಖಚಿತ ಮಾಡಿಕೊಳ್ಳಿ. ಇಳಿಯುವುದಕ್ಕೆ ಮೂರು ದಿನ ಮುಂಚಿನಿಂದ ಅಂತರ್ಜಾಲದಲ್ಲಿ ಆಗಮನ ಪತ್ರವೊಂದನ್ನು ತುಂಬಬೇಕು. ಅದಕ್ಕೆ ದುಡ್ಡಿಲ್ಲ. ಯಾವುದಾದರೂ ತಾಣ ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ.

ಡಿಸೆಂಬರ್‌ನಿಂದ ಫೆಬ್ರುವರಿ ಮಳೆ ಕಡಿಮೆ ಇರುವ ಕಾಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮ್ಮ ಆಷಾಢದ ಹಾಗೆ ಹೊಯ್ಯುತ್ತದೆ. ಒಂದು ಎಚ್ಚರಿಕೆ: ಚೀನೀ ಹೊಸ ವರ್ಷ ಜನವರಿ ಕೊನೆಯಲ್ಲೋ ಫೆಬ್ರುವರಿಯಲ್ಲೋ ಬರುತ್ತದೆ. ಊರು ಕೆಂಪು ಲಾಟೀನುಗಳಿಂದ ತುಂಬಿ ನೋಡಲು ಸೊಗಸಾಗಿರುತ್ತದೆ, ಆದರೆ ತಿಂಡಿ ಗಾಡಿಗಳವರು ಊರಿಗೆ ಹೋಗಿ ಹಲವು ದಿನ ಬಾಗಿಲು ಹಾಕಿರುತ್ತಾರೆ, ಬಾಡಿಗೆಯೂ ಏರಿರುತ್ತದೆ. ತಿನ್ನಲೆಂದೇ ಹೋಗುವವರು ಆ ವಾರ ಬಿಟ್ಟುಬಿಡಿ.

ರಿಂಗಿಟ್ ಒಂದಕ್ಕೆ 20ರಿಂದ 25 ರೂಪಾಯಿ ಎಂದು ಲೆಕ್ಕ ಇಟ್ಟುಕೊಳ್ಳಿ. ಬೀದಿ ಬದಿಯ ಊಟ ತಿಂಡಿ 10 ರಿಂಗಿಟ್‌ನ ಆಸುಪಾಸಿನಲ್ಲಿ ಆಗುತ್ತದೆ. ವಿದೇಶಿಯರು ವಸತಿಯಲ್ಲಿ ಕೋಣೆಗೆ ರಾತ್ರಿಯೊಂದಕ್ಕೆ 10 ರಿಂಗಿಟ್ ಪ್ರವಾಸಿ ತೆರಿಗೆ ಬೇರೆ ಕೊಡಬೇಕು. ಮೊಬೈಲ್ ಚಾರ್ಜರ್‌ಗೆ ಮೂರು ಚಪ್ಪಟೆ ಕಡ್ಡಿಯ ಪ್ಲಗ್ ಬೇಕು, ನಮ್ಮ ದುಂಡು ಕಡ್ಡಿಯದು ನಡೆಯುವುದಿಲ್ಲ.

ವಸತಿಯನ್ನು ಹಳೇ ಊರಿನೊಳಗೇ ಹಿಡಿಯಿರಿ. ಕಡಲ ತಡಿಯ ದೊಡ್ಡ ಹೋಟೆಲುಗಳು ಬತು ಫೆರಿಂಗಿ ಕಡೆ ಇವೆ. ಅಲ್ಲಿ ಉಳಿದರೆ ದಿನಕ್ಕೆರಡು ಸಲ ಕಾರು ಹತ್ತಬೇಕು, ನಡಿಗೆಯ ಉದ್ದೇಶವೇ ಹೋಯಿತು. ಹಳೇ ಊರಿನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇದ್ದ ಕಟ್ಟಡಗಳನ್ನೇ ಸಣ್ಣ ಸಣ್ಣ ವಸತಿಗೃಹಗಳನ್ನಾಗಿ ಮಾಡಿದ್ದಾರೆ. ಮುಂಭಾಗ ಕಿರಿದು, ಒಳಗೆ ರೈಲು ಡಬ್ಬಿಯ ಹಾಗೆ ಉದ್ದ. ಹಾಗಾಗಿ ಒಳಗಿನ ಎಷ್ಟೋ ಕೋಣೆಗಳಿಗೆ ಕಿಟಕಿಯೇ ಇರುವುದಿಲ್ಲ. ಕೇಳದೆ ದುಡ್ಡು ಕಟ್ಟಿ ಮೊದಲ ರಾತ್ರಿ ಅಂಥ ಕೋಣೆಯಲ್ಲಿ ಕಳೆದೆವು. ಬೆಳಗಾದದ್ದು ಗೊತ್ತಾಗಲು ಗಡಿಯಾರ ನೋಡಬೇಕಾಯಿತು. ಮರುದಿನ ಹೆಚ್ಚಿಗೆ ಹಣ ಕೊಟ್ಟು ಅಂಗಳದ ಕಡೆ ಕಿಟಕಿ ಇದ್ದ ಕೋಣೆಗೆ ಬದಲಾಯಿಸಿಕೊಂಡೆವು. ಕಿಟಕಿ ಇದೆಯೇ, ಮೆಟ್ಟಿಲು ಎಷ್ಟು ಕಡಿದು, ಲಿಫ್ಟ್ ಇದೆಯೇ, ಕೆಳಗೆ ಬಾರ್ ಇದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಮೊದಲೇ ಕೇಳಿ. ಮಂಡಿನೋವಿನವರು ನೆಲಮಹಡಿಯನ್ನೇ ಪಡೆಯಿರಿ. ಲವ್ ಲೇನ್, ಚುಲಿಯಾ ಬೀದಿಗಳಲ್ಲಿ ತಡರಾತ್ರಿಯವರೆಗೂ ಗದ್ದಲ. ಅರ್ಮೇನಿಯನ್ ಬೀದಿಯ ಹಿಂದಿನ ಓಣಿಗಳು, ಮುಂಟ್ರಿ, ಸ್ಟೀವರ್ಟ್ ಬೀದಿಗಳ ಕಡೆ ನಿದ್ದೆಗೆ ವಾಸಿ.

ಇನ್ನೊಂದು ಮಾತು, ಬೀದಿಗಳ ಹೆಸರಿನದು. ಒಂದೊಂದು ಬೀದಿಗೆ ಇಂಗ್ಲಿಷ್ ಹೆಸರೊಂದು, ಮಲಯ ಹೆಸರೊಂದು. ಲೆಬು ಎಂದರೆ ಬೀದಿ, ಜಾಲನ್ ಎಂದರೆ ರಸ್ತೆ, ಲೊರೊಂಗ್ ಎಂದರೆ ಓಣಿ. ಪೆನಾಂಗ್ ಬೀದಿ ಬೇರೆ, ಪೆನಾಂಗ್ ರಸ್ತೆ ಬೇರೆ. ಮೊದಲನೆಯದು ಭಾರತೀಯರ ಕೇರಿಯಾದ ಲಿಟ್ಲ್ ಇಂಡಿಯಾದೊಳಗಿದೆ, ಎರಡನೆಯದು ಊರಿನ ಇನ್ನೊಂದು ಮಗ್ಗುಲಲ್ಲಿ, ಚೌರಸ್ತಾ ಮಾರುಕಟ್ಟೆಯ ಬಳಿ. ಇದು ತಿಳಿಯದೆ ನಡುಬಿಸಿಲಿನಲ್ಲಿ ಒಂದೂವರೆ ಮೈಲಿ ಸುಮ್ಮನೆ ನಡೆದೆವು.

ನಡೆಯುವ ಹೊತ್ತು

ಮಲೇಷ್ಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ಆದರೆ ಸೂರ್ಯ ಅಷ್ಟು ಮುಂದಿಲ್ಲ. 1982ರಲ್ಲಿ ಇಡೀ ದೇಶಕ್ಕೆ ಒಂದೇ ಸಮಯ ಇರಲೆಂದು ಗಡಿಯಾರವನ್ನು ಅರ್ಧ ಗಂಟೆ ಮುಂದೆ ತಿರುಗಿಸಿದ್ದರಿಂದ, ಪಡುವಣ ಅಂಚಿನ ಪೆನಾಂಗ್‌ನಲ್ಲಿ ಬೆಳಿಗ್ಗೆ ಏಳಕ್ಕೂ ಮಬ್ಬುಗತ್ತಲೆ, ಸಂಜೆ ಏಳಕ್ಕೂ ಬೆಳಕು. ಅಂಗಡಿಗಳು ತೆರೆಯುವಾಗ ಹತ್ತು ಗಂಟೆ. ಬೆಳಿಗ್ಗೆ ನಸುಕಿಗೇ ಏಳುವ ನಮ್ಮಂಥವರಿಗೆ ಇದು ವರವೇ ಆಯಿತು. ಏಳೂವರೆಯಿಂದ ಹತ್ತರವರೆಗೆ ಊರು ಹೆಚ್ಚು ಕಡಿಮೆ ನಮ್ಮದೇ.

ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ನಡೆಯಬೇಡಿ. ಸೆಖೆ ಮಂಗಳೂರಿನ ಏಪ್ರಿಲ್ ಸೆಖೆಯಂತೆ ಮೈಗೆ ಅಂಟುತ್ತದೆ. ಆ ಹೊತ್ತಿಗೆ ಹಳೇ ಮನೆಗಳನ್ನು ನೋಡಬಹುದು, ಇಲ್ಲವೇ ಕೋಣೆಗೆ ಬಂದು ಮಲಗಬಹುದು. ನಾವು ಎರಡನ್ನೂ ಮಾಡಿದೆವು.

ಅಂಗಡಿ ಮನೆಗಳ ಮುಂದೆ ಸಾಲಾಗಿ, ಮೇಲಿನ ಮಹಡಿಯನ್ನೇ ಸೂರಾಗಿ ಮಾಡಿಕೊಂಡ ಜಗಲಿಯಂಥ ಕಾಲುದಾರಿ ಇದೆ. ಅಗಲ ಐದಡಿ ಇರಬೇಕೆಂಬ ನಿಯಮದಿಂದ ಅದಕ್ಕೆ ‘ಕಾಕಿ ಲಿಮಾ’, ಅಂದರೆ ಐದಡಿ ಎಂದೇ ಹೆಸರು. ಬಿಸಿಲು ಮಳೆ ಎರಡಕ್ಕೂ ಆಸರೆ. ನೆಲದ ಹೆಂಚಿನ ಬಣ್ಣ ಪ್ರತಿ ಮನೆಗೂ ಬೇರೆ: ಒಂದರ ಮುಂದೆ ನೀಲಿ ಹೂ, ಮುಂದಿನದರಲ್ಲಿ ಕಾವಿ ನಕ್ಷತ್ರ, ಅದರಾಚೆ ಸಾದಾ ಗಾರೆ. ಬಾಗಿಲ ಪಕ್ಕ ಕೆಂಪು ಪುಟ್ಟ ಗೂಡಿನಲ್ಲಿ ದೇವರು, ಮೂರು ಊದುಬತ್ತಿ, ಎರಡು ಕಿತ್ತಳೆ. ಅಜ್ಜಿಯೊಬ್ಬರು ಬೆತ್ತದ ಕುರ್ಚಿಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ನಾವು ದಾಟಲು ಕಾಲು ಮಡಚಿಕೊಂಡರು. ಜನ ಬದುಕುವ ಜಗಲಿ ಅದು. ಹಾಗಾಗಿ ಕ್ಯಾಮೆರಾ ತೆಗೆಯುವ ಮುನ್ನ ಕಣ್ಣಲ್ಲೇ ಕೇಳಿ. ಮನೆಯಿಂದ ಮನೆಗೆ ಜಗಲಿಯ ಎತ್ತರ ಬದಲಾಗುತ್ತದೆ, ಅಂಚಿಗೆ ಆಳದ ಚರಂಡಿಗಳಿವೆ, ಕೆಲವೆಡೆ ಸ್ಕೂಟರ್ ನಿಲ್ಲಿಸಿ ದಾರಿ ಕಟ್ಟಿರುತ್ತಾರೆ. ಜಾರದ ಚಪ್ಪಲಿ, ನೆಲದ ಮೇಲೊಂದು ಕಣ್ಣು ಬೇಕೇ ಬೇಕು.

ಮೊದಲ ಬೆಳಗಿನ ನಡಿಗೆಗೆ ನನ್ನ ಸಲಹೆ ಅರ್ಮೇನಿಯನ್ ಬೀದಿ. 2012ರಲ್ಲಿ ಅರ್ನೆಸ್ಟ್ ಜಕರೆವಿಚ್ ಎಂಬ ಲಿಥುವೇನಿಯಾದ ಕಲಾವಿದ ಇಲ್ಲಿಯ ಹಳೇ ಗೋಡೆಗಳ ಮೇಲೆ ಮಕ್ಕಳ ಚಿತ್ರ ಬಿಡಿಸಿದರು. ಗೋಡೆಗೆ ನಿಜವಾದ ಸೈಕಲ್ ಒಂದನ್ನು ಒರಗಿಸಿ, ಅದರ ಮೇಲೆ ಕುಳಿತ ಅಕ್ಕ ತಮ್ಮನನ್ನು ಬಣ್ಣದಲ್ಲಿ ಬರೆದಿದ್ದಾರೆ. ಹತ್ತು ಗಂಟೆಯ ಮೇಲೆ ಅದರ ಮುಂದೆ ಸಾಲು ನಿಲ್ಲಬೇಕು. ಎಂಟಕ್ಕೆ ಹೋದಾಗ ಅಲ್ಲಿ ನಾವಿಬ್ಬರು ಮತ್ತು ಕಸ ಗುಡಿಸುವವರು ಮಾತ್ರ ಇದ್ದೆವು. ಬಣ್ಣ ಮಾಸಿದೆ, ಗಾರೆ ಅಲ್ಲಲ್ಲಿ ಉದುರಿದೆ. ನನಗೆ ಅದು ಹಾಗಿದ್ದದ್ದೇ ಹಿಡಿಸಿತು.

ಅಲ್ಲಿಂದ ಸಮುದ್ರದ ಕಡೆ ನಡೆದರೆ ವೆಲ್ಡ್ ಕ್ವೇ. ನೀರಿನೊಳಗೆ ಕಂಬ ನೆಟ್ಟು, ಹಲಗೆ ಹಾಸಿ ಕಟ್ಟಿದ ಕೇರಿಗಳಿವೆ. ಒಂದೊಂದು ಕೇರಿಯೂ ಒಂದೊಂದು ಚೀನೀ ಮನೆತನದ್ದು: ಚ್ಯೂ, ಲಿಮ್, ಟಾನ್, ಲೀ, ಯೋ. ದೊಡ್ಡದು ಚ್ಯೂ ಜೆಟ್ಟಿ, ಅಂಗಡಿಗಳೂ ಅಲ್ಲೇ ಹೆಚ್ಚು. ನೆಮ್ಮದಿ ಬೇಕಿದ್ದರೆ ಟಾನ್ ಜೆಟ್ಟಿಯ ಕೊನೆಗೆ ಹೋಗಿ ಹಲಗೆಯ ಮೇಲೆ ನಿಂತುಕೊಳ್ಳಿ. ಮಾತು ತಗ್ಗಿಸಿ, ಮನೆಯೊಳಗೆ ಇಣುಕಬೇಡಿ.

ಎರಡನೇ ನಡಿಗೆ ಹಳೇ ಪಿಟ್ ಬೀದಿಯದು, ಈಗಿನ ಹೆಸರು ಜಾಲನ್ ಮಸ್ಜಿದ್ ಕಾಪಿತಾನ್ ಕೆಲಿಂಗ್. ತೆನ್ನಾಡಿನ ಮುಸ್ಲಿಂ ವ್ಯಾಪಾರಿಗಳ ಮುಖಂಡರು ಕಟ್ಟಿಸಿದ 1801ರ ಮಸೀದಿ, ಹೊಗೆಯಿಂದ ಕಣ್ಣು ಉರಿಯುವಷ್ಟು ಊದುಬತ್ತಿ ಹಚ್ಚುವ ಕ್ವಾನ್ ಯಿನ್ ದೇವಿಯ ಗುಡಿ, 1818ರ ಸೇಂಟ್ ಜಾರ್ಜ್ ಚರ್ಚು, ಒಂದು ಬೀದಿ ಆಚೆಗೆ 1833ರ ಮಹಾಮಾರಿಯಮ್ಮನ ಗುಡಿ, ಇಷ್ಟೂ ಹತ್ತು ಹದಿನೈದು ನಿಮಿಷದ ನಡಿಗೆಯೊಳಗೆ ಸಿಗುತ್ತವೆ. ಮಾರಿಕಾಂಬೆಯ ಊರಿನವರಾದ ನಾವು ಮಾರಿಯಮ್ಮನ ಗುಡಿಯಲ್ಲಿ ಹಣ್ಣುಕಾಯಿ ಮಾಡಿಸಿದೆವು. ಗುಡಿ ಮಧ್ಯಾಹ್ನ ಮುಚ್ಚುತ್ತದೆ, ಬೆಳಿಗ್ಗೆಯೇ ಹೋಗಿ.

ಸಂಜೆ ಕಡಲ ದಂಡೆಯ ಮೈದಾನಕ್ಕೆ ಬನ್ನಿ. ಪಕ್ಕದಲ್ಲೇ ಇಟ್ಟಿಗೆ ಗೋಡೆಯ ಕಾರ್ನ್‌ವಾಲಿಸ್ ಕೋಟೆ. ಹೆಸರು ನೋಡಿ ನಮ್ಮ ಯಜಮಾನರು ನಿಂತುಬಿಟ್ಟರು. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದ ಅದೇ ಕಾರ್ನ್‌ವಾಲಿಸ್. ಎದುರಿಗೆ, ನೀರಿನಾಚೆ ಕಾಣುವ ದಡಕ್ಕೆ ಪ್ರಾವಿನ್ಸ್ ವೆಲ್ಲೆಸ್ಲಿ ಎಂದು ಹೆಸರಿತ್ತು. 1799ರಲ್ಲಿ ಟಿಪ್ಪು ಬಿದ್ದಾಗ ಗವರ್ನರ್ ಜನರಲ್ ಆಗಿದ್ದವನು ಆ ರಿಚರ್ಡ್ ವೆಲ್ಲೆಸ್ಲಿ. ಮರುವರ್ಷವೇ ಕಂಪನಿ ಈ ದಡವನ್ನೂ ಪಡೆಯಿತು. ನಮ್ಮ ನೆಲದಲ್ಲಿ ಯುದ್ಧ ಮಾಡಿದವರ ಹೆಸರುಗಳು ಇಷ್ಟು ದೂರದ ಕಡಲಿನ ಎರಡೂ ದಡದ ಮೇಲೆ ಕುಳಿತಿರುವುದನ್ನು ನೋಡುತ್ತ, ಕಟ್ಟೆಯ ಮೇಲೆ ಕೂತು ಕತ್ತಲಾಗುವವರೆಗೆ ಮಾತಾಡಿದೆವು.

ತಿನ್ನುವ ವಿಚಾರ

ಪೆನಾಂಗ್‌ಗೆ ಬಹಳ ಜನ ಹೋಗುವುದೇ ತಿನ್ನಲಿಕ್ಕೆ. ಕೊಪಿಟಿಯಾಮ್ ಎಂದರೆ ಕಾಫಿ ಅಂಗಡಿ. ಅಂಗಡಿ ಒಬ್ಬರದು, ಒಳಗಿನ ತಿಂಡಿ ಗಾಡಿಗಳು ಬೇರೆ ಬೇರೆಯವರವು. ಮೊದಲು ಮೇಜು ಹಿಡಿಯಿರಿ. ಕುಡಿಯುವುದನ್ನು ಅಂಗಡಿಯವರಿಗೆ ಹೇಳಿ, ತಿನ್ನುವುದನ್ನು ಬೇಕಾದ ಗಾಡಿಯ ಹತ್ತಿರ ಹೋಗಿ ಹೇಳಿ, ಮೇಜಿನ ಸಂಖ್ಯೆ ಕೊಟ್ಟು ಬನ್ನಿ. ತಂದಿಟ್ಟಾಗಲೇ ದುಡ್ಡು ಕೊಡಬೇಕು, ಚಿಲ್ಲರೆ ಇಟ್ಟುಕೊಳ್ಳಿ. ತಿಂಡಿಯ ಜೊತೆ ಕುಡಿಯಲು ಏನಾದರೂ ಹೇಳುವುದು ಅಲ್ಲಿಯ ರೀತಿ. ಜಾಗ ಇಲ್ಲದಾಗ ಅಪರಿಚಿತರು ನಿಮ್ಮ ಮೇಜಿಗೇ ಬಂದು ಕೂರುತ್ತಾರೆ, ಅದೂ ರೂಢಿಯೇ. ವಯಸ್ಸಾದ ಗಾಡಿಯವರನ್ನು ‘ಅಂಕಲ್’, ‘ಆಂಟಿ’ ಎಂದು ಕರೆದರೆ ಮುಖ ಅರಳುತ್ತದೆ, ತಮಿಳರನ್ನು ‘ಅಣ್ಣೆ’, ‘ಅಕ್ಕಾ’ ಎನ್ನಬಹುದು.

ಕಾಫಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಬೀಜವನ್ನು ಸಕ್ಕರೆ, ಮಾರ್ಗರೀನ್ ಸೇರಿಸಿ ಹುರಿಯುತ್ತಾರೆ. ಕರಿ ಮಸಿಯ ಬಣ್ಣ. ಕಾಲುಚೀಲದಂಥ ಉದ್ದ ಬಟ್ಟೆಯ ಜರಡಿಯಲ್ಲಿ ಪುಡಿ ಹಾಕಿ, ಉದ್ದ ಮೂತಿಯ ಹಂಡೆಯಿಂದ ಕುದಿನೀರು ಹೊಯ್ದು, ಎತ್ತಿ, ಮತ್ತೆ ಅದ್ದಿ, ಮತ್ತೆ ಎತ್ತುತ್ತಾರೆ. ದಪ್ಪ ಪಿಂಗಾಣಿ ಬಟ್ಟಲಿನ ತಳಕ್ಕೆ ಎರಡು ಬೆರಳಿನಷ್ಟು ಗಟ್ಟಿ ಸಿಹಿ ಹಾಲು, ಅದರ ಮೇಲೆ ಡಿಕಾಕ್ಷನ್. ಕಲಕದೆ ಕುಡಿದರೆ ಕಹಿ, ಕಲಕಿದರೆ ಪಾಯಸ. ‘ಕೋಪಿ’ ಎಂದರೆ ಗಟ್ಟಿ ಹಾಲಿನದು. ‘ಕೋಪಿ ಓ’ ಎಂದರೆ ಸಕ್ಕರೆ ಹಾಕಿದ ಕರಿ ಕಾಫಿ. ‘ಕೋಪಿ ಓ ಕೋಸೋಂಗ್’ ಎಂದರೆ ಸಕ್ಕರೆಯೂ ಇಲ್ಲ, ಹಾಲೂ ಇಲ್ಲ. ಸಕ್ಕರೆ ಕಾಯಿಲೆಯವರು ಈ ಮೂರನೆಯ ಮಾತನ್ನು ಬಾಯಿಪಾಠ ಮಾಡಿಕೊಳ್ಳಿ. ‘ಕುರಾಂಗ್ ಮಾನಿಸ್’ ಎಂದರೆ ಸಿಹಿ ಕಡಿಮೆ. ಹಬೆಯಾಡುವ ಫಿಲ್ಟರ್ ಕಾಫಿಯನ್ನು ಇದರಲ್ಲಿ ಹುಡುಕಬೇಡಿ, ಇದರ ರುಚಿಯೇ ಬೇರೆ. ಮೂರನೇ ದಿನ ನಮಗೆ ಅದು ಬೇಕೇ ಬೇಕು ಅನ್ನಿಸಿತು.

ನಾವು ಶುದ್ಧ ಸಸ್ಯಾಹಾರಿಗಳು. ಮೀನು ಮಾಂಸ ತಿನ್ನುವವರಿಗೆ ಇಲ್ಲಿ ಹೆಸರಾದವು ಮೂರು. ದೊಡ್ಡ ಉರಿಯ ಬಾಣಲೆಯಲ್ಲಿ ಸಿಗಡಿ, ಚಿಪ್ಪುಮೀನು, ಮೊಳಕೆ ಕಾಳು ಹಾಕಿ ಹುರಿದ ಅಗಲ ಅಕ್ಕಿ ಎಳೆಗಳ ಚಾರ್ ಕ್ವೇ ತಿಯೋ. ಹಂದಿ ಕೊಬ್ಬು ಬಳಸುವವರೂ ಇದ್ದಾರೆ, ಬೇಡವಾದವರು ಕೇಳಿಕೊಳ್ಳಿ. ಮೀನಿನ ಹುಳಿ ಸಾರಿನ ಅಸಾಮ್ ಲಕ್ಸಾ. ಅನ್ನದ ಮೇಲೆ ನಾಲ್ಕಾರು ಬಗೆಯ ಸಾರು ಸುರಿದು ಕೊಡುವ ನಾಸಿ ಕಂದರ್. ಹಿಂದೆ ತಮಿಳು ಮುಸ್ಲಿಮರು ಹೆಗಲ ಮೇಲೆ ಅಡ್ಡೆ ಹೊತ್ತು ಮಾರುತ್ತಿದ್ದ ಊಟ ಅದು, ‘ಕಂದರ್’ ಎಂದರೆ ಆ ಅಡ್ಡೆಯೇ.

ಸಸ್ಯಾಹಾರಿಗಳು ನೆನಪಿಡಬೇಕಾದ ಒಂದೇ ಶಬ್ದ ‘ಬೆಲಾಚಾನ್’. ಒಣ ಸಿಗಡಿಯನ್ನು ಕೊಳೆಯಿಸಿ ಕುಟ್ಟಿದ ಉಂಡೆ. ಹಸಿರು ಸೊಪ್ಪಿನ ಪಲ್ಯದಲ್ಲೂ, ಚಟ್ನಿಯಲ್ಲೂ ಅದಿರುತ್ತದೆ. ‘ಸಾಯುರ್’ ಎಂದರೆ ತರಕಾರಿ ಎಂದಷ್ಟೇ ಅರ್ಥ, ಸಸ್ಯಾಹಾರ ಎಂದಲ್ಲ. ರೋಟಿ ಚನಾಯ್ ಎಂಬ ಪದರು ಪದರಾದ ರೊಟ್ಟಿಗೆ ತೊವ್ವೆ ಕೊಡುತ್ತಾರೆ, ಆದರೆ ಅದರ ಮೇಲೆ ಮೀನಿನ ಸಾರು ಹೊಯ್ಯುವುದು ರೂಢಿ. ‘ದಾಲ್ ಸಹಾಜಾ’ ಎನ್ನಿ, ತೊವ್ವೆ ಮಾತ್ರ ಎಂದು. ನಮ್ಮ ‘ಸಹಜ’ವೇ ಅಲ್ಲಿ ‘ಮಾತ್ರ’ ಎಂಬ ಅರ್ಥಕ್ಕೆ ಹೋಗಿ ಕುಳಿತಿದೆ. ಚೀನಿಯರ ಶುದ್ಧ ಸಸ್ಯಾಹಾರದ ಅಂಗಡಿಗಳೂ ಸಾಕಷ್ಟಿವೆ. ಬೌದ್ಧರಲ್ಲಿ ಅನೇಕರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಮಾಂಸ ಬಿಡುತ್ತಾರೆ, ಆ ದಿನಗಳಲ್ಲಿ ಇಂಥ ಅಂಗಡಿ ತುಂಬಿರುತ್ತವೆ. ಬೇಕಾದ್ದನ್ನು ತಟ್ಟೆಗೆ ಬಡಿಸಿಕೊಂಡು ತೋರಿಸಿದರೆ ಕಣ್ಣಳತೆಯಲ್ಲೇ ಬೆಲೆ ಹೇಳುತ್ತಾರೆ. ಸೋಯಾದಲ್ಲಿ ಕೋಳಿ ಮೀನಿನ ಆಕಾರ ಮಾಡಿಟ್ಟಿರುವುದನ್ನು ಕಂಡು ಗಾಬರಿಯಾಗಬೇಡಿ. ಬಾಳೆ ಎಲೆ ಊಟ, ದೋಸೆ, ಇಡ್ಲಿಗೆ ಲಿಟ್ಲ್ ಇಂಡಿಯಾ ಇದ್ದೇ ಇದೆ. ಆದರೂ ನಾಲ್ಕು ದಿನವೂ ಅಲ್ಲೇ ಉಣ್ಣಬೇಡಿ.

ನಮ್ಮನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಚೆಂಡೋಲ್. ಪೆನಾಂಗ್ ರಸ್ತೆಯಿಂದ ಒಡೆಯುವ ಕೆಂಗ್ ಕ್ವೀ ಓಣಿಯಲ್ಲಿ 1936ರಿಂದ ನಡೆದುಬಂದ ಗಾಡಿಯೊಂದಿದೆ, ಸಾಲು ನೋಡಿಯೇ ಗುರುತಿಸಬಹುದು. ಬಟ್ಟಲಿಗೆ ಮೊದಲು ಉಬ್ಬುವಷ್ಟು ಬೆಂದ ಕೆಂಪು ಕಾಳು. ಮೇಲೆ ಪಾಂಡನ್ ಎಲೆಯ ರಸ ಹಾಕಿ ಒತ್ತಿದ ಹಸಿರು ಶಾವಿಗೆ, ಬೆರಳುದ್ದದ ತುಂಡುಗಳು. ಅದರ ಮೇಲೆ ತುರಿದ ಮಂಜಿನ ಗುಡ್ಡ. ಕಾಯಿಹಾಲು ಹೊಯ್ದು, ಕೊನೆಗೆ ತಾಳೆಬೆಲ್ಲದ ಕಪ್ಪು ಪಾಕ. ನಿಂತೇ ತಿನ್ನಬೇಕು. ಮೊದಲ ಚಮಚಕ್ಕೆ ಇವರು ನನ್ನ ಮುಖ ನೋಡಿದರು. ‘ನಿನ್ನ ಅಮ್ಮನ ಮನೆ ಶಾವಿಗೆ, ಕಾಯಿಹಾಲು ಕಣೇ ಇದು’ ಎಂದರು. ‘ಅದಕ್ಕೆ ಏಲಕ್ಕಿ ಇರುತ್ತಿತ್ತು, ಇದಕ್ಕಿಲ್ಲ ನೋಡಿ’ ಎಂದೆ. ಎರಡು ಬಟ್ಟಲು ತಿಂದ ಮೇಲೂ ಆ ಚರ್ಚೆ ಮುಗಿದಿರಲಿಲ್ಲ. ಬೆಳಗಿನ ಹೊತ್ತು ಒತ್ತು ಶಾವಿಗೆಗೆ ಕಾಯಿತುರಿ, ಕಂದು ಸಕ್ಕರೆ ಹಾಕಿ ಕೊಡುವ ‘ಪುಟು ಮಾಯಂ’ ಸಿಕ್ಕರೆ ಅದನ್ನೂ ಬಿಡಬೇಡಿ.

ಹಳೇ ಮನೆಗಳು

ಮಧ್ಯಾಹ್ನದ ಹೊತ್ತಿಗೆಂದೆನಲ್ಲ, ಎರಡು ಮನೆಗಳನ್ನು ನೋಡಿ. ಲೀತ್ ಬೀದಿಯ ನೀಲಿ ಮನೆ ಚ್ಯಾಂಗ್ ಫಾಟ್ ಝೀ ಎಂಬ ವ್ಯಾಪಾರಿಯದು. 38 ಕೋಣೆ, 5 ಅಂಗಳ, 220 ಕಿಟಕಿ. ಸುಣ್ಣಕ್ಕೆ ನೀಲಿ ಗಿಡದ ಬಣ್ಣ ಬೆರೆಸಿ ಬಳಿದದ್ದು. ಅಂಗಳದ ನಡುವೆ ಮಳೆ ನೇರ ಒಳಗೆ ಸುರಿಯುತ್ತದೆ, ಥೇಟ್ ತೊಟ್ಟಿಮನೆ. ಚರ್ಚ್ ಬೀದಿಯ ಹಸಿರು ಮನೆ ಪಿನಾಂಗ್ ಪೆರಾನಕಾನ್ ಮ್ಯಾನ್ಷನ್. ಚೀನಿಯರು ಮಲಯ ನೆಲದಲ್ಲಿ ತಲೆಮಾರುಗಟ್ಟಲೆ ಬಾಳಿ, ಉಡುಗೆ, ಅಡುಗೆ, ಮಾತು ಎಲ್ಲವನ್ನೂ ಬೆರೆಸಿಕೊಂಡ ಸಮುದಾಯಕ್ಕೆ ಪೆರಾನಕಾನ್ ಎಂದು ಹೆಸರು. ಈ ಮನೆಯ ಕಪಾಟುಗಳಲ್ಲಿ ಎಲೆ ಅಡಿಕೆ ಪೆಟ್ಟಿಗೆಗಳಿವೆ. ಸುಣ್ಣಕ್ಕೊಂದು ಬಟ್ಟಲು, ಅಡಿಕೆಗೊಂದು, ಪಕ್ಕದಲ್ಲಿ ಹಕ್ಕಿಯ ಕೊಕ್ಕಿನಂಥ ಅಡಕತ್ತರಿ. ಇವರು ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಕತ್ತರಿಯ ಅಲಗು ನೋಡಿದರು. ನಮ್ಮ ಅಜ್ಜನ ಕಾಲದ ಕತ್ತರಿಗಿಂತ ಇದು ಚಿಕ್ಕದು, ಹೆಂಗಸರ ಕೈಯದಿರಬೇಕು ಎಂದರು.

ಕೊಳ್ಳುವಿಕೆ

ಕೊಳ್ಳಲು ಹೊರಟಾಗ ಗಂಡ ಹೆಂಡತಿ ಒಂದು ಗಂಟೆ ಬೇರೆಯಾಗಿ. ಇದು ನಾನು ಒತ್ತಿ ಹೇಳುವ ಸಲಹೆ. ಬಟ್ಟೆ ಅಂಗಡಿಯ ಬಾಗಿಲಲ್ಲಿ ಒಬ್ಬರು ಕಾಯುತ್ತ ನಿಂತಿದ್ದರೆ ಇನ್ನೊಬ್ಬರು ನಿಧಾನವಾಗಿ ಆರಿಸಲಾರರು. ನಾವು ಕಾಪಿತಾನ್ ಕೆಲಿಂಗ್ ಮಸೀದಿಯ ಮಿನಾರನ್ನು ಸೇರುವ ಗುರುತಾಗಿ ಇಟ್ಟುಕೊಂಡಿದ್ದೆವು, ಸುತ್ತಲಿನ ಬೀದಿಗಳಿಂದ ಅದು ಕಾಣುತ್ತದೆ.

ಬಾಟಿಕ್ ಬಟ್ಟೆಯಲ್ಲಿ ಮೂರು ಬಗೆ. ಮೇಣದಿಂದ ಕೈಯಲ್ಲೇ ಬರೆದದ್ದು ‘ತುಲಿಸ್’, ತಾಮ್ರದ ಅಚ್ಚಿನಿಂದ ಒತ್ತಿದ್ದು ‘ಚಾಪ್’, ಮೂರನೆಯದು ಯಂತ್ರದಲ್ಲಿ ಮುದ್ರಿಸಿದ್ದು. ತಿರುಗಿಸಿ ನೋಡಿ: ಮೇಣದ ಕೆಲಸದಲ್ಲಿ ಬಣ್ಣ ಎರಡೂ ಮಗ್ಗುಲಿಗೆ ಇಳಿದಿರುತ್ತದೆ, ಮುದ್ರಿಸಿದ್ದರಲ್ಲಿ ಹಿಂಭಾಗ ಪೇಲವ. ಅಚ್ಚು ಕೂಡಿದಲ್ಲಿ ಚೂರು ಸರಿದಿದ್ದರೆ ಅದು ದೋಷವಲ್ಲ, ಕೈ ಕೆಲಸದ ಗುರುತು. ಕೆಬಾಯ ಎಂಬ ಮೈಗಂಟಿದ ಕುಪ್ಪಸದ ಅಂಚಿನಲ್ಲಿ ಬಟ್ಟೆ ಕತ್ತರಿಸಿ ಜಾಲರಿಯಂತೆ ಹೊಲಿದ ಕಸೂತಿ ಇರುತ್ತದೆ. 2024ರ ಡಿಸೆಂಬರ್‌ನಲ್ಲಿ ಮಲೇಷ್ಯಾ ಸೇರಿ ಐದು ದೇಶಗಳ ಪರವಾಗಿ ಕೆಬಾಯ ಯುನೆಸ್ಕೊದ ಪಟ್ಟಿ ಸೇರಿತು.

ನನ್ನ ಕಣ್ಣು ನೆಟ್ಟಿದ್ದು ಅರ್ಮೇನಿಯನ್ ಬೀದಿಯ ಕಡೆಯ ಅಂಗಡಿಯೊಂದರ ‘ಕಾಸುತ್ ಮಾನಿಕ್’ ಮೇಲೆ, ಮಣಿ ಪೋಣಿಸಿದ ಚಪ್ಪಲಿ. ‘ಮಾನಿಕ್’ ಎಂದರೆ ಮಣಿ. ಸಾಸಿವೆಗಿಂತ ಚಿಕ್ಕ ಗಾಜಿನ ಮಣಿಗಳನ್ನು ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಒಂದೊಂದಾಗಿ ಹೊಲಿದು ಗುಲಾಬಿ ಹೂ ಬಿಡಿಸಿದ್ದರು. ಒಂದು ಜೊತೆಗೆ ವಾರಗಟ್ಟಲೆ ಹಿಡಿಯುತ್ತದೆ, ಬೆಲೆ ನೂರಾರು ರಿಂಗಿಟ್. ಬೀದಿಯಲ್ಲಿ ಅಗ್ಗಕ್ಕೆ ಸಿಗುವವು ಯಂತ್ರದವು; ಅವುಗಳಲ್ಲಿ ಮಣಿ ದಪ್ಪ, ಸಾಲು ಸಡಿಲ. ಹೊಲಿಯುತ್ತಿದ್ದ ಹೆಂಗಸು ಕನ್ನಡಕ ಸರಿಸಿ, ನನ್ನ ಬೆರಳನ್ನು ಹಿಡಿದು ಆ ಹೂವಿನ ಮೇಲೆ ಹಾಯಿಸಿದರು, ಒಂದು ಮಣಿಯೂ ಎದ್ದು ತಗುಲಲಿಲ್ಲ. ಹೊಲಿದ ಮೇಲ್ಭಾಗವನ್ನಷ್ಟೇ ಕೊಂಡು ಚೌಕಟ್ಟು ಹಾಕಿಸಿಕೊಳ್ಳಬಹುದು ಎಂದೂ ಅವರೇ ತೋರಿಸಿದರು. ನಾನು ಹಾಗೇ ಮಾಡಿದೆ.

ಚೌರಸ್ತಾ ಮಾರುಕಟ್ಟೆಯ ಹೆಸರು ಹುಬ್ಬಳ್ಳಿ ಕಲಬುರಗಿಯವರಿಗೆ ಅರ್ಥ ಹೇಳಬೇಕಿಲ್ಲದ್ದು. ಕೆಳಗೆ ಮೀನು ಮಾಂಸ, ಹೊರ ಸಾಲಿನಲ್ಲಿ ಉಪ್ಪಿನಕಾಯಿ, ಬಿಸ್ಕತ್ತು, ಮೇಲೆ ಹಳೇ ಪುಸ್ತಕಗಳ ಅಂಗಡಿಗಳು. ಇವರ ಒಂದು ಗಂಟೆ ಎರಡಾದದ್ದು ಅಲ್ಲೇ. ಇಲ್ಲಿ ಕೊಳ್ಳಲೇಬೇಕಾದದ್ದು ಜಾಯಿಕಾಯಿ. ಕಂಪನಿಯವರು ನೆಡಿಸಿದ ಬೆಳೆ ಇವತ್ತಿಗೂ ದ್ವೀಪದ ಬಾಲಿಕ್ ಪುಲಾವ್ ಕಡೆ ಉಳಿದಿದೆ. ನಮ್ಮ ತೋಟದಲ್ಲೂ ಅಡಿಕೆ ನಡುವೆ ಜಾಯಿಕಾಯಿ ಇದೆ. ಬೀಜ, ಪತ್ರೆ ಮಾರಿ, ಹೊರಸಿಪ್ಪೆಯನ್ನು ಹೆಚ್ಚಾಗಿ ಮರದ ಬುಡಕ್ಕೇ ಹಾಕುತ್ತೇವೆ, ಅಪರೂಪಕ್ಕೆ ಉಪ್ಪಿನಕಾಯಿ. ಪೆನಾಂಗ್‌ನವರಿಗೆ ಆ ಸಿಪ್ಪೆಯೇ ಮುಖ್ಯ. ತೆಳ್ಳಗೆ ಸೀಳಿ ಸಕ್ಕರೆಯಲ್ಲಿ ಒಣಗಿಸಿದ್ದು, ಉಪ್ಪು ಸಿಹಿ ಬೆರೆಸಿ ನೆನೆಸಿದ್ದು, ಎಳೆ ಎಳೆಯಾಗಿ ತುರಿದದ್ದು, ಜೊತೆಗೆ ತಣ್ಣನೆಯ ಷರಬತ್ತು, ಕೀಲುನೋವಿನ ಎಣ್ಣೆ. ಎಲ್ಲವನ್ನೂ ಒಂದೊಂದು ಚೂರು ತಿನ್ನಲು ಕೊಡುತ್ತಾರೆ. ಒಣಗಿಸಿದ್ದನ್ನು ಮಾಡುವ ಕ್ರಮ ಕೇಳಿ ಬರೆದುಕೊಂಡೆ. ಹೆಸರುಬೇಳೆ ಹೂರಣದ ‘ತೌ ಸಾರ್ ಪಿಯಾ’ ಬಿಸ್ಕತ್ತೂ ಹೆಸರುವಾಸಿ, ಆದರೆ ಹಂದಿ ಕೊಬ್ಬು ಹಾಕದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಹಸಿ ಹಣ್ಣು, ಬಿತ್ತನೆ ಬೀಜ, ಸಸಿ ತರಬೇಡಿ, ನಮ್ಮ ವಿಮಾನ ನಿಲ್ದಾಣದಲ್ಲಿ ಸಸ್ಯ ರೋಗದ ತಪಾಸಣೆಯ ಕಟ್ಟಳೆ ಇದೆ. ಷರಬತ್ತು, ಎಣ್ಣೆ ದೊಡ್ಡ ಚೀಲದಲ್ಲೇ ಹೋಗಲಿ.

‘ಬೆರಾಪಾ ಹರ್ಗಾ’ ಎಂದರೆ ಬೆಲೆ ಎಷ್ಟು. ‘ಕುರಾಂಗ್ ಸಿಕಿತ್’ ಎಂದರೆ ಸ್ವಲ್ಪ ಕಡಿಮೆ ಮಾಡಿ. ತಿಂಡಿಗೆ ಚೌಕಾಸಿ ಮಾಡಬೇಡಿ, ಕೈಕೆಲಸದವರ ಹತ್ತಿರವೂ ಬೇಡ.

ಊರಾಚೆಗೆ ಒಂದು ಬೆಳಗು ಕೊಡುವುದಾದರೆ ಪೆನಾಂಗ್ ಬೆಟ್ಟಕ್ಕೆ ಹೋಗಿ. ಹಗ್ಗದಿಂದ ಎಳೆಯುವ ರೈಲು ಮೇಲೊಯ್ಯುತ್ತದೆ, ವಾರಾಂತ್ಯ ಬಿಟ್ಟು ಮುಂಜಾನೆಯೇ ಹೊರಡಿ. ತಪ್ಪಲಿನಲ್ಲಿ ಕೆಕ್ ಲೋಕ್ ಸಿ ಬೌದ್ಧ ಗುಡಿ ಇದೆ, ಮೆಟ್ಟಿಲು ಬಹಳ. ಊರೊಳಗೆ ಕಾಲು ಸೋತಾಗ ‘ಕ್ಯಾಟ್’ ಎಂಬ ಬಸ್ಸು ಪುಕ್ಕಟೆಯಾಗಿ ಸುತ್ತಿಸುತ್ತದೆ, ಟ್ಯಾಕ್ಸಿಗೆ ಗ್ರ್ಯಾಬ್ ಆ್ಯಪ್ ಸಾಕು.

ಕೊನೆಯ ಸಂಜೆ ಲಿಟ್ಲ್ ಇಂಡಿಯಾದ ಹೂವಿನ ಅಂಗಡಿಯ ಪಕ್ಕ ಎಲೆ ಅಡಿಕೆ ಮಾರುವ ಅಜ್ಜಿಯೊಬ್ಬರನ್ನು ಕಂಡೆವು. ನಾಲ್ಕು ದಿನದಲ್ಲಿ ಹಳೇ ಊರಿನೊಳಗೆ ಒಂದೇ ಒಂದು ಅಡಿಕೆ ಮರ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಇವರು ಒಂದು ಹೋಳು ಎತ್ತಿ ಬೆಳಕಿಗೆ ಹಿಡಿದು, ಒಳಗಿನ ಬಿಳಿ ಗೆರೆ ನೋಡಿ, ಉಗುರಿನಿಂದ ಒತ್ತಿ ನೋಡಿ, ‘ಇದು ಎಲ್ಲಿಯದಮ್ಮಾ?’ ಎಂದು ತಮಗೆ ಬರುವಷ್ಟು ತಮಿಳಿನಲ್ಲಿ ಕೇಳಿದರು. ‘ಇಂಡೋನೇಷ್ಯಾದ್ದು’ ಎಂದರು ಅಜ್ಜಿ. ಎರಡು ಎಲೆಗೆ ಸುಣ್ಣ ಸವರಿ, ಹೋಳು ಇಟ್ಟು ಮಡಚಿ, ಮೊದಲು ನನ್ನ ಕೈಗೆ ಕೊಟ್ಟರು, ಆಮೇಲೆ ಇವರಿಗೆ.